ಬಟನ್ ಒತ್ತಿದರೆ ಸ್ಕ್ರೀನ್ ಯಾಕೆ ಸ್ತಬ್ಧವಾಗುತ್ತದೆ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಸಿ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಸಾಫ್ಟ್‌ವೇರ್ ಬರೆದಿದ್ದೇನೆ. ವರ್ಷದ ಪಟ್ಟಿ ತೆಗೆಯುವ ಬಟನ್ ಒತ್ತಿದರೆ ಸ್ಕ್ರೀನ್ ಬಿಳಿಚಿಕೊಂಡು 'ನಾಟ್ ರೆಸ್ಪಾಂಡಿಂಗ್' ಅನ್ನುತ್ತದೆ. ಆ ಕೆಲಸವನ್ನು ಬೇರೆ ಥ್ರೆಡ್‌ಗೆ (ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಇನ್ನೊಂದು ಕೆಲಸದ ಸಾಲಿಗೆ) ಹಾಕಿದೆ. ಈಗ 'ಕ್ರಾಸ್ ಥ್ರೆಡ್' ಎರರ್! ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಅರ್ಧ ದಾರಿ ಸರಿಯಾಗೇ ಬಂದಿದ್ದೀರಿ. ನಿಮ್ಮ ಫಾರ್ಮ್ (ಸ್ಕ್ರೀನ್ ಮೇಲೆ ಕಾಣುವ ವಿಂಡೋ) ನೋಡಿಕೊಳ್ಳುವುದು ಒಂದೇ ಥ್ರೆಡ್, ಗಲ್ಲಾದ ಮೇಲೆ ಕೂತ ಸಾಹುಕಾರರ ಹಾಗೆ. ಅವರೇ ಎದ್ದು ಹೋಗಿ ಚೀಲ ಎಣಿಸುತ್ತಾ ನಿಂತರೆ ಗಿರಾಕಿಗೆ ಉತ್ತರ ಕೊಡುವವರು ಯಾರು? 5 ಸೆಕೆಂಡು ಸುಮ್ಮನಿದ್ದರೆ ವಿಂಡೋಸ್ 'ನಾಟ್ ರೆಸ್ಪಾಂಡಿಂಗ್' ಹಣೆಪಟ್ಟಿ ಹಚ್ಚಿಬಿಡುತ್ತದೆ. ಎಣಿಸಲು ಹಮಾಲರನ್ನು ಕಳಿಸಿದ್ದು ಸರಿ, ಆದರೆ ಹಮಾಲ ಬಂದು ತಾನೇ ಖಾತೆ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ, ಅಲ್ವಾ? ಬೇರೆ ಥ್ರೆಡ್ ಫಾರ್ಮ್ ಮುಟ್ಟುವ ಹಾಗಿಲ್ಲ, ನಿಮ್ಮ ಎರರ್ ಹೇಳುವುದು ಅದನ್ನೇ.

2005ರಿಂದಲೂ ಡಾಟ್‌ನೆಟ್‌ನಲ್ಲಿರುವ (ಸಿ ಶಾರ್ಪ್ ಪ್ರೋಗ್ರಾಂ ಓಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಬ್ಯಾಕ್‌ಗ್ರೌಂಡ್‌ವರ್ಕರ್ ಬಳಸಿ, ಕೆಲಸವನ್ನು ಬೇರೆ ಥ್ರೆಡ್‌ನಲ್ಲಿ ಓಡಿಸುವ ಸಿದ್ಧ ಸಾಧನ ಅದು. ಭಾರದ ಕೆಲಸವೆಲ್ಲ ಅದರ ಡೂವರ್ಕ್ ಈವೆಂಟ್‌ನಲ್ಲಿ (ಆ ಹೊತ್ತಿಗೆ ತಾನಾಗಿ ಓಡುವ ಕೋಡ್). ಅಲ್ಲಿಂದ ಫಾರ್ಮ್ ಮೇಲಿನ ಲೇಬಲ್, ಗ್ರಿಡ್ ಯಾವುದನ್ನೂ ಮುಟ್ಟಬೇಡಿ. ರಿಪೋರ್ಟ್‌ಪ್ರೋಗ್ರೆಸ್ ಕರೆದರೆ ಪ್ರೋಗ್ರೆಸ್‌ಚೇಂಜ್ಡ್ ಈವೆಂಟ್ ಫಾರ್ಮ್‌ನ ಥ್ರೆಡ್‌ನಲ್ಲೇ ಬರುತ್ತದೆ, ಪಟ್ಟಿ ಎಷ್ಟಾಯಿತು ಅಂತ ಅಲ್ಲಿ ತೋರಿಸಿ. ಅದಕ್ಕೆ ಅನುಮತಿ ಕೊಡುವ ವರ್ಕರ್‌ರಿಪೋರ್ಟ್ಸ್‌ಪ್ರೋಗ್ರೆಸ್ ಸೆಟ್ಟಿಂಗ್ ಅನ್ನು ಟ್ರೂ ಮಾಡುವುದು ಮರೆತರೆ ಇನ್ನೊಂದು ಎರರ್ ಗ್ಯಾರಂಟಿ. ನಾನೂ ಒಮ್ಮೆ ಇದಕ್ಕೇ ಅರ್ಧ ದಿನ ಕಳೆದಿದ್ದೇನೆ. ಕೊನೆಗೆ ಬರುವ ರನ್‌ವರ್ಕರ್‌ಕಂಪ್ಲೀಟೆಡ್ ಈವೆಂಟ್‌ನಲ್ಲಿ ಮೊದಲು ಎರರ್ ಇದೆಯಾ ನೋಡಿ, ಆಮೇಲೆ ರಿಸಲ್ಟ್ ತೆಗೆಯಿರಿ.

ಹೊಸದಾಗಿ ಬರೆಯುವುದಾದರೆ ಇದೇ ಕೆಲಸಕ್ಕೆ ಸಿ ಶಾರ್ಪ್‌ನಲ್ಲಿ 2012ರಲ್ಲಿ ಬಂದ ಅಸಿಂಕ್, ಅವೇಟ್ ಪದಗಳು ಇನ್ನೂ ಸಲೀಸು. ಕೆಲಸದ ನಡುವೆಯೇ ಕ್ಲಿಕ್‌ಗಳಿಗೆ ಉತ್ತರ ಕೊಡಿಸುವ ಡೂಈವೆಂಟ್ಸ್ ಹಾಕಿ ಸುಮ್ನೆ ತೇಪೆ ಹಚ್ಚಬೇಡಿ, ಕೆಲಸ ನಡುವೆ ಇರುವಾಗಲೇ ಯಾರೋ ಅದೇ ಬಟನ್ ಮತ್ತೆ ಒತ್ತಿ ಲೆಕ್ಕ ಎರಡೆರಡು ಸಲ ಓಡುತ್ತದೆ. ಕೆಲಸ ಶುರುವಾದ ಕೂಡಲೇ ಆ ಬಟನ್ ಡಿಸೇಬಲ್ ಮಾಡಿಬಿಡಿ.