4 ಜಿಬಿ ಲ್ಯಾಪ್‌ಟಾಪ್, ಜಾಗವಿಲ್ಲದ ಫೋನು, ಕೈಯಲ್ಲಿ ಹತ್ತು ಸಾವಿರ: ಮೊದಲು ಯಾವುದಕ್ಕೆ ಖರ್ಚು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 2019ರಲ್ಲಿ ಕೊಂಡ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಜೊತೆಗೆ 32 ಜಿಬಿಯ ಫೋನು, ಅದು ದಿನಕ್ಕೊಮ್ಮೆ ಜಾಗವಿಲ್ಲ ಎನ್ನುತ್ತದೆ. ಹತ್ತು ಸಾವಿರ ರೂಪಾಯಿ ಕೂಡಿಸಿದ್ದೀರಿ. ಇನ್ನೈದು ಸಾವಿರ ಸಾಲ ಮಾಡಿ ಆನ್‌ಲೈನಿನಲ್ಲಿ ಕಾಣುವ ಅಗ್ಗದ ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ.

ಸಾಲ ಮಾಡಬೇಡಿ. ಇರುವ ಲ್ಯಾಪ್‌ಟಾಪನ್ನೇ ಬಿಚ್ಚಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲೇ ಕಡತ ಇಡುವ ಡ್ರೈವ್) ಹಾಕಿಸಿ. ಹಣ ಉಳಿದರೆ ರ‍್ಯಾಮ್. ಅದಾದ ಮೇಲೂ ಉಳಿದರೆ ಫೋನಿನ ಬ್ಯಾಟರಿ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ದುಡ್ಡು ಕಳೆದುಕೊಂಡದ್ದನ್ನು ಕಂಡಿದ್ದೇನೆ, ನಾನೂ ಕಳೆದುಕೊಂಡಿದ್ದೇನೆ.

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ತಿಪಟೂರಿನ ಮನೆಯಿಂದಲೇ ಮಾಡುತ್ತೇನೆ. 2014ರಲ್ಲಿ ಕೊಂಡ ಲ್ಯಾಪ್‌ಟಾಪ್, ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರಿನದು, ಇವತ್ತಿಗೂ ನನ್ನ ಮೇಜಿನ ಮೇಲಿದೆ. ಐದನೇ ವರ್ಷಕ್ಕೆ ಅದು ನಿಮ್ಮದರ ಹಾಗೆಯೇ ಒದ್ದಾಡತೊಡಗಿತ್ತು. ಮುನ್ನೂರು ಪುಟದ ಪಿಡಿಎಫ್ ತೆರೆದರೆ ಫ್ಯಾನ್ ಕೂಗುತ್ತಿತ್ತು, ಪುಟ ಮಾತ್ರ ಬರುತ್ತಿರಲಿಲ್ಲ. ರ‍್ಯಾಮ್ ಸಾಲದು ಎಂದು ಯಾರೋ ಹೇಳಿದರು. ನಂಬಿ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ 4 ಜಿಬಿಯ ಡಿಡಿಆರ್3 ಪಟ್ಟಿಯೊಂದನ್ನು ಕೊಂಡು ತಂದೆ. ಮನೆಯಲ್ಲಿ ಹಾಕಿದರೆ ಪರದೆ ಕಪ್ಪು. ನನ್ನ ಲ್ಯಾಪ್‌ಟಾಪ್ ಕೇಳುವುದು 1.35 ವೋಲ್ಟಿನ ಡಿಡಿಆರ್3ಎಲ್, ನಾನು ತಂದದ್ದು 1.5 ವೋಲ್ಟಿನದು. ಸ್ಲಾಟಿನಲ್ಲಿ ಎರಡೂ ಒಂದೇ ರೀತಿ ಕೂರುತ್ತವೆ. ಕೂತ ಮಾತ್ರಕ್ಕೆ ನಡೆಯುವುದಿಲ್ಲ. ಆ ಒಂದು ಅಕ್ಷರಕ್ಕಾಗಿ ಮತ್ತೊಮ್ಮೆ ರೈಲು ಹತ್ತಿದೆ. ಬದಲಾಯಿಸಿಕೊಂಡು ಬಂದು ಹಾಕಿದ ಮೇಲೂ ಆನ್ ಆಗುವ ಸಮಯ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದು ರಾತ್ರಿ ನಿಜವಾಗಿಯೂ ಬೇಸರವಾಯಿತು.

ಹಾಗಾಗಿ ಖರ್ಚಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸರಿನ ಅಂಕಿ ಇಪ್ಪತ್ತು ಮೂವತ್ತರಲ್ಲಿ ಆಡುತ್ತಿದ್ದು, ಡಿಸ್ಕಿನ ಅಂಕಿ ಶೇ. 100ಕ್ಕೆ ಏರಿ ಅಲ್ಲೇ ನಿಂತಿದ್ದರೆ ರೋಗ ಸಿಕ್ಕಿತು ಎಂದು ತಿಳಿಯಿರಿ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಚದುರಿಹೋದ ಸಣ್ಣ ಸಣ್ಣ ಕಡತಗಳನ್ನು ಓದುವಾಗ ಸೆಕೆಂಡಿಗೆ ನೂರನ್ನು ಮುಟ್ಟುವುದೇ ಕಷ್ಟ. ವಿಂಡೋಸ್ ಏಳುವಾಗ ಬೇಕಾಗುವುದು ಇಂಥ ಸಾವಿರಾರು ಚೂರುಗಳು. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ; ಅಗ್ಗದ್ದೂ ಸೆಕೆಂಡಿಗೆ ಸಾವಿರಗಟ್ಟಲೆ ಚೂರುಗಳನ್ನು ಎತ್ತಿಕೊಡುತ್ತದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ತಾತ್ಕಾಲಿಕ ಮೆಮೊರಿಯಾಗಿ ಬಳಸುತ್ತದೆಯಾದ್ದರಿಂದ, ಎಸ್‌ಎಸ್‌ಡಿ ಹಾಕಿದರೆ ಕಡಿಮೆ ರ‍್ಯಾಮಿನ ನೋವೂ ಒಂದಿಷ್ಟು ಇಳಿಯುತ್ತದೆ. ನಾನು 2019ರ ಕೊನೆಗೆ ಎರಡೂವರೆ ಸಾವಿರದ ಆಸುಪಾಸಿನಲ್ಲಿ 240 ಜಿಬಿಯದೊಂದನ್ನು ತಂದು ಹಾಕಿದೆ. ಮೂರು ನಿಮಿಷ ಕಾಯಿಸುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ನಿಂತಿತು.

ಈಗ ಬೆಲೆಯ ವಿಷಯ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ವಿಪರೀತ ಏರಿದೆ. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಎರಡಕ್ಕೂ ಅದರ ಬಿಸಿ ತಟ್ಟಿದೆ. ಆದ್ದರಿಂದ 1 ಟಿಬಿಯ ಬದಲಿಗೆ 1 ಟಿಬಿಯೇ ಬೇಕೆಂದು ಹಟ ಹಿಡಿಯಬೇಡಿ, 256 ಜಿಬಿ ಸಾಕು. ತೆಗೆದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಡಬ್ಬಿಯೊಂದರಲ್ಲಿ ಕೂರಿಸಿದರೆ ಫೋಟೊ, ಸಿನಿಮಾಗಳಿಗೆ ಉಗ್ರಾಣವಾಗುತ್ತದೆ. ರ‍್ಯಾಮನ್ನು ಬಳಸಿದ್ದೇ ಕೊಳ್ಳಿ. ಅದರಲ್ಲಿ ಸವೆಯುವ ಭಾಗವಿಲ್ಲ, ಅಂಗಡಿಯಲ್ಲೇ ಹಾಕಿಸಿ ನೋಡಿ. ಬಳಸಿದ ಎಸ್‌ಎಸ್‌ಡಿ ಮಾತ್ರ ಬೇಡ, ಅದು ಬರೆದಷ್ಟೂ ಸವೆಯುತ್ತದೆ. ಎಸ್.ಪಿ. ರಸ್ತೆಗೇ ಹೋಗುವುದಾದರೆ ಭಾನುವಾರ ಬಿಟ್ಟು ಹೋಗಿ, ಅಂದು ಬಹಳಷ್ಟು ಬಾಗಿಲುಗಳು ಮುಚ್ಚಿರುತ್ತವೆ. ಹಳೆಯ ರ‍್ಯಾಮ್ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ನನ್ನ ಹಾಗೆ ಎರಡು ಸಲ ರೈಲು ಹತ್ತಬೇಕಾಗಿಲ್ಲ.

ಆ ಹದಿನೈದು ಸಾವಿರದ ಹೊಸ ಲ್ಯಾಪ್‌ಟಾಪನ್ನು ಯಾಕೆ ಬೇಡವೆಂದೆ? ಆ ಬೆಲೆಯವುಗಳಲ್ಲಿ ಬಹುಪಾಲು 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಇಎಂಎಂಸಿ ಸಂಗ್ರಹವನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇಎಂಎಂಸಿ ಎಂದರೆ ಹೆಚ್ಚುಕಡಿಮೆ ಅಗ್ಗದ ಫೋನಿನಲ್ಲಿರುವ ಸಂಗ್ರಹವೇ. ವಿಂಡೋಸ್ ಮತ್ತು ಅದರ ಅಪ್‌ಡೇಟುಗಳು ಸೇರಿ ಅರ್ಧಕ್ಕಿಂತ ಹೆಚ್ಚು ಜಾಗ ನುಂಗುತ್ತವೆ, ಮುಂದಿನ ಅಪ್‌ಡೇಟಿಗೆ ಜಾಗವಿಲ್ಲದೆ ಯಂತ್ರ ಕೈಚೆಲ್ಲುತ್ತದೆ. ಆಗ ಬಿಚ್ಚಿ ಬದಲಾಯಿಸೋಣವೆಂದರೆ ಬದಲಾಯಿಸಲು ಏನೂ ಇರುವುದಿಲ್ಲ. ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಅವಳ ತಂದೆ ಕಾಯಿ ಮಾರಿದ ಹಣದಲ್ಲಿ ಇಂಥದ್ದನ್ನು ಕೊಡಿಸಿದ್ದರು. ಒಂದೂವರೆ ವರ್ಷಕ್ಕೆ ಅದು ಮೂಲೆ ಸೇರಿತು. ಆ ಮನುಷ್ಯನಿಗೆ ಅಂಗಡಿಯಲ್ಲಿ ಯಾರೂ ಬೆಸುಗೆಯ ಮಾತು ಹೇಳಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮುಂದೆಂದಾದರೂ ಬೇರೆಯದನ್ನು ಕೊಳ್ಳಲೇಬೇಕಾದರೆ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳನ್ನು ನೋಡಿ. 2018ರ ಥಿಂಕ್‌ಪ್ಯಾಡ್ ಟಿ480 ನನಗೆ ಅಚ್ಚುಮೆಚ್ಚು: ಎರಡು ರ‍್ಯಾಮ್ ಸ್ಲಾಟು, ಹೊರಗಿನಿಂದಲೇ ಕಳಚುವ ಬ್ಯಾಟರಿ. ಹೆಸರು ಸ್ವಲ್ಪ ಬದಲಾದರೂ ಒಳಗು ಬದಲಾಗುತ್ತದೆ ಎಂಬುದು ನೆನಪಿರಲಿ. ಟಿ480ಎಸ್‌ನಲ್ಲಿ ಒಂದಿಷ್ಟು ರ‍್ಯಾಮ್ ಬೆಸುಗೆಯಾಗಿದ್ದು ಒಂದೇ ಸ್ಲಾಟು ಇದೆ. ಅದೇ ವರ್ಷದ ಎಕ್ಸ್280ರಲ್ಲಿ ಇಡೀ ರ‍್ಯಾಮ್ ಬೆಸುಗೆಯೇ. ಹಣ ಕೊಡುವ ಮುನ್ನ ಬಯೋಸ್ (ವಿಂಡೋಸಿಗೂ ಮೊದಲು ಏಳುವ ಸೆಟ್ಟಿಂಗಿನ ಪರದೆ) ಒಳಗೆ ಹೋಗಿ, ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. 2019ರಲ್ಲಿ ಮಾರಾಟವಾದ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಏಳನೇ ತಲೆಮಾರಿನವೂ ಇದ್ದವು, ನಿಮ್ಮದನ್ನು ನೋಡಿಕೊಳ್ಳಿ. ಹೊಂದದಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಳ್ಳಿ. ನಾನು ನಾಲ್ಕು ವರ್ಷದಿಂದ ಅದರಲ್ಲೇ ಇದ್ದೇನೆ. ಕನ್ನಡ ಟೈಪಿಂಗ್ ಬಗ್ಗೆ ಅಳುಕು ಬೇಡ. ನುಡಿ ತಂತ್ರಾಂಶದಲ್ಲಿ ಕಲಿತ ಬೆರಳುಗಳಿಗೆ ಬೇಕಾದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಇನ್‌ಸ್ಕ್ರಿಪ್ಟೂ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಸಿಗುತ್ತವೆ. ಎಚ್ಚರ ಬೇಕಾದದ್ದು ಹಳೆಯ ಕಡತಗಳ ವಿಷಯದಲ್ಲಿ. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತಗಳು ಆ ಫಾಂಟುಗಳಿಲ್ಲದೆ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ವಿಂಡೋಸ್ ಅಳಿಸುವ ಮೊದಲೇ ಫಾಂಟುಗಳನ್ನೂ ಕಡತಗಳನ್ನೂ ಡಬ್ಬಿಯಲ್ಲಿಟ್ಟ ಹಾರ್ಡ್ ಡಿಸ್ಕಿಗೆ ನಕಲು ಮಾಡಿಡಿ.

ಫೋನಿನದು ಬೇರೆ ಲೆಕ್ಕ, ಅಲ್ಲಿ ಬದಲಾಯಿಸಬಹುದಾದದ್ದು ಹೆಚ್ಚುಕಡಿಮೆ ಬ್ಯಾಟರಿ ಒಂದೇ. ನಿಮ್ಮ 32 ಜಿಬಿಯಲ್ಲಿ ಆಂಡ್ರಾಯ್ಡೇ ದೊಡ್ಡ ಪಾಲು ತಿಂದಿರುತ್ತದೆ. ಉಳಿದದ್ದನ್ನು ತುಂಬುವುದು ಸಾಮಾನ್ಯವಾಗಿ ವಾಟ್ಸ್‌ಆ್ಯಪ್ ಗುಂಪುಗಳ ಶುಭೋದಯದ ಚಿತ್ರಗಳು ಮತ್ತು ವಿಡಿಯೊಗಳು. ತಾನಾಗಿಯೇ ಇಳಿಸಿಕೊಳ್ಳುವ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ, ಹಳೆಯವನ್ನು ಅಳಿಸಿ, ಐದಾರು ಜಿಬಿ ಸದಾ ಖಾಲಿ ಇರುವಂತೆ ನೋಡಿಕೊಳ್ಳಿ. ಕಂಠಮಟ್ಟ ತುಂಬಿದ ಫ್ಲ್ಯಾಶ್ ಮೆಮೊರಿ ಬರೆಯುವಾಗ ತೆವಳುತ್ತದೆ. ನನ್ನ ಅಮ್ಮನ ಫೋನು ಇಷ್ಟರಿಂದಲೇ ಎರಡು ವರ್ಷ ಹೆಚ್ಚು ಬಾಳಿತು. ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದ್ದರೆ ಮಾತ್ರ ಒಂದು ದಿನವೂ ಚಾರ್ಜಿಗೆ ಹಾಕಬೇಡಿ.

ಲಿನಿಯೇಜ್ ಓಎಸ್ ಎಂಬ, ಆಂಡ್ರಾಯ್ಡಿನ ಉಚಿತ ಆವೃತ್ತಿ ಹಾಕಿ ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ತರಬಹುದೆಂದು ಇನ್ನೊಬ್ಬರು ನಿಮಗೆ ಸೂಚಿಸಿದ್ದಾರೆ. ಅದು ನಿಜ. 2017ರ ರೆಡ್‌ಮಿ ನೋಟ್ 4ಕ್ಕೆ ನಾನೇ ಹಾಕಿದ್ದೇನೆ, ಚೆನ್ನಾಗಿ ನಡೆಯಿತು. ಆದರೆ ಬೇರೆ ಓಎಸ್ ಹಾಕದಂತೆ ತಡೆಯುವ ಬೂಟ್‌ಲೋಡರ್ ಬೀಗ ತೆರೆದ ಕೂಡಲೇ ಫೋನಿನಲ್ಲಿದ್ದದ್ದೆಲ್ಲ ಅಳಿಯಿತು, ಬ್ಯಾಂಕಿನ ಆ್ಯಪ್ ಬಾಗಿಲು ತೆರೆಯಲಿಲ್ಲ. ಯುಪಿಐ ಇರುವ ಒಂದೇ ಫೋನಿನಲ್ಲಿ ಈ ಪ್ರಯೋಗ ಬೇಡ. ಬಳಸಿದ ಫೋನು ಕೊಳ್ಳುವುದಾದರೆ *#06# ಒತ್ತಿ ಬರುವ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಹಾಕಿ ನೋಡಿ. ಕಳವಾಗಿ ತಡೆಹಿಡಿದ ಫೋನಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಲ್ಯಾಪ್‌ಟಾಪನ್ನು ತಿರುಗಿಸಿ ಬೆನ್ನ ಮೇಲಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ. ರ‍್ಯಾಮ್ ಸ್ಲಾಟು ಎಷ್ಟಿದೆ, ಎಂ.2 ಎಂಬ ಚಪ್ಪಟೆ ಪಟ್ಟಿಯ ಎಸ್‌ಎಸ್‌ಡಿಗೆ ಜಾಗವಿದೆಯೇ ಎಂದು ಹುಡುಕಿ ಹೇಳುತ್ತೇನೆ. ಅಲ್ಲಿಯವರೆಗೆ ಏನನ್ನೂ ಆರ್ಡರ್ ಮಾಡಬೇಡಿ.