ಪ್ರತಿಕ್ರಿಯೆ: ಚಿಕ್ಕಬಳ್ಳಾಪುರದಲ್ಲಿ ಅಣ್ಣನಿಗೆ 10 ವರ್ಷ ಶಿಕ್ಷೆ, ವಕೀಲರು ಸಾಕ್ಷಿಗಳನ್ನು ಪ್ರಶ್ನಿಸಲೇ ಇಲ್ಲ

ಮುಖ್ಯ ಸಾಕ್ಷಿಗಳಿಬ್ಬರಿಗೂ ಸರ್ಕಾರಿ ನೆರವಿನ ವಕೀಲರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂದಿದ್ದೀರಿ. ಶಿಕ್ಷೆಗೆ ಬಹುಮಟ್ಟಿಗೆ ಅದೇ ಕಾರಣವಿರಬೇಕು. ಪ್ರಶ್ನಿಸದೆ ಬಿಟ್ಟ ಸಾಕ್ಷ್ಯವನ್ನು ನ್ಯಾಯಾಲಯ ಸಾಮಾನ್ಯವಾಗಿ ಒಪ್ಪಿಕೊಂಡಂತೆಯೇ ನೋಡುತ್ತದೆ.

ಮೊದಲು ದಿನ ಎಣಿಸಿ. ಸೆಷನ್ಸ್ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನಗಳಿವೆ. ಮೀರಿದ್ದರೂ ಕೈಚೆಲ್ಲಬೇಡಿ, ವಿಳಂಬ ಮನ್ನಿಸುವಂತೆ ಕೋರಬಹುದು.

ತೀರ್ಪಿನ ಪ್ರತಿ ಅಣ್ಣನಿಗೆ ಉಚಿತವಾಗಿ ಸಿಗಬೇಕು. ಅದರ ಜೊತೆಗೆ ಆದೇಶ ಹಾಳೆ (ಪ್ರತಿ ದಿನ ನ್ಯಾಯಾಲಯದಲ್ಲಿ ನಡೆದದ್ದರ ದಾಖಲೆ), ಸಾಕ್ಷಿ ಹೇಳಿಕೆಗಳ ದೃಢೀಕೃತ ನಕಲನ್ನು ಪಡೆಯಿರಿ. ಹೇಳಿಕೆಯ ಕೊನೆಯಲ್ಲಿ ‘ಪಾಟೀಸವಾಲು: ಇಲ್ಲ’, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸಲಿಲ್ಲ ಎಂದಿದೆಯೇ ನೋಡಿ. ನನ್ನ ಸೋದರಮಾವನ ಮೇಲ್ಮನವಿ ನಿಂತದ್ದೇ ಆ ಎರಡು ಪದಗಳ ಮೇಲೆ. ವಕೀಲರ ನೇಮಕಕ್ಕೂ ವಿಚಾರಣೆಗೂ ಎಷ್ಟು ದಿನಗಳ ಅಂತರವಿತ್ತು ಎಂಬುದನ್ನೂ ಗುರುತಿಸಿಕೊಳ್ಳಿ. ಮರಣದಂಡನೆ ಅಥವಾ ಜೀವಾವಧಿ ಸಾಧ್ಯವಿರುವ ಪ್ರಕರಣಗಳಲ್ಲಿ ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕೆಂದು ಸುಪ್ರೀಂ ಕೋರ್ಟ್ 2019ರ ಅನೋಖಿಲಾಲ್ ತೀರ್ಪಿನಲ್ಲಿ ಹೇಳಿದೆ.

ಮರುವಿಚಾರಣೆ ಸಿಗುತ್ತದೆಯೇ, ಶಿಕ್ಷೆಯಷ್ಟೇ ಇಳಿಯುತ್ತದೆಯೇ ಎಂಬುದನ್ನು ಕಡತ ಓದದೆ ಹೇಳಲಾಗದು. ವಕೀಲರು ದುರ್ಬಲರಿದ್ದರು ಎಂದಷ್ಟೇ ಹೇಳಿದರೆ ಸಾಲದು, ಯಾವ ಪ್ರಶ್ನೆ ಕೇಳಿದ್ದರೆ ಯಾವ ಸತ್ಯ ಹೊರಬರುತ್ತಿತ್ತು ಎಂದು ತೋರಿಸಬೇಕು. ಅಂಥ ಪ್ರಶ್ನೆಗಳ ಪಟ್ಟಿಯನ್ನು ಆದಷ್ಟು ಬೇಗ ಜೈಲಿನಲ್ಲಿ ಅಣ್ಣನನ್ನು ಭೇಟಿಯಾಗಿ ಬರೆಯಿರಿ.

ಕಡತ ಹಿಡಿದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಮೇಲ್ಮನವಿಯೊಂದಿಗೇ ಶಿಕ್ಷೆ ಅಮಾನತಿನ (ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆಯನ್ನು ತಡೆಹಿಡಿಯುವ) ಅರ್ಜಿಯನ್ನೂ ಹಾಕಿಸಿ.