ವಿಮಾನ ಇಳಿಯೋ ಹೊತ್ತಿಗೆ ರೆಕ್ಕೆಯ ಹಿಂಬದಿಯ ಪಟ್ಟಿಗಳು, ಅಂದ್ರೆ ಫ್ಲಾಪ್, ಬಿಚ್ಚದಿದ್ರೆ ಪೈಲಟ್ ಏನು ಮಾಡ್ತಾರೆ?

ಮೊದಲು ಕೆಲಸ ಹಂಚಿಕೊಳ್ತಾರೆ. ಒಬ್ಬರು ವಿಮಾನ ಹಾರಿಸ್ತಾರೆ, ಬೇರೇನೂ ಮುಟ್ಟಲ್ಲ. ಇನ್ನೊಬ್ಬರು ಚೆಕ್‌ಲಿಸ್ಟ್ ತೆಗೆದು ಸಾಲು ಸಾಲಾಗಿ ಓದ್ತಾರೆ. ಇಂಧನ ಸಾಕಷ್ಟಿದ್ರೆ ಅವಸರ ಬೇಡವೇ ಬೇಡ. ಸುತ್ತು ಹಾಕುತ್ತಾ ಲೆಕ್ಕ ಹಾಕೋದೇ ಕ್ಷೇಮ.

ನಮ್ಮ ಕಲಬುರಗಿಯಲ್ಲಿ ಇಳಿಯುವಾಗ ಕಿಟಕಿಯಾಚೆ ತೊಗರಿ ಹೊಲಗಳು ಹತ್ತಿರ ಬರ್ತಿದ್ದಂತೆ ರೆಕ್ಕೆಯ ಹಿಂಬದಿಯ ಪಟ್ಟಿಗಳು ಕೆಳಕ್ಕೆ ಬಾಗೋದು ನೋಡಿರ್ತೀರಿ. ಅವೇ ಫ್ಲಾಪ್. ಕಡಿಮೆ ವೇಗದಲ್ಲೂ ರೆಕ್ಕೆಗೆ ಎತ್ತುವ ಬಲ ಸಿಗೋದು ಅವುಗಳಿಂದ. ಅವು ಬಿಚ್ಚದಿದ್ರೆ ಹೆಚ್ಚು ವೇಗದಲ್ಲೇ ನೆಲ ಮುಟ್ಟಬೇಕು. ವೇಗ ಸ್ವಲ್ಪ ಏರಿದರೂ ನಿಲ್ಲೋಕೆ ಬೇಕಾದ ದೂರ ಬಹಳ ಏರುತ್ತೆ, ಬ್ರೇಕ್ ಬಿಸಿಯಾಗುತ್ತೆ. ಅದಕ್ಕೇ ಉದ್ದದ ರನ್‌ವೇ ಹುಡುಕ್ತಾರೆ, ಕೆಳಗೆ ಅಗ್ನಿಶಾಮಕ ವಾಹನ ಸಿದ್ಧವಾಗಿರುತ್ತೆ. 2019ರಲ್ಲಿ ಶುರುವಾದ ನಮ್ಮ ನಿಲ್ದಾಣದ ರನ್‌ವೇ 3 ಕಿಲೋಮೀಟರಿಗೂ ಉದ್ದ. ಇಂಥ ಹೊತ್ತಲ್ಲಿ ಅದರ ಬೆಲೆ ಗೊತ್ತಾಗೋದು.

ನಿಜಕ್ಕೂ ಭಯಂಕರವಾದದ್ದು ಹೈಡ್ರಾಲಿಕ್, ಅಂದ್ರೆ ದ್ರವದ ಒತ್ತಡದಿಂದ ವಿಮಾನದ ನಿಯಂತ್ರಣ ಭಾಗಗಳನ್ನು ಆಡಿಸುವ ವ್ಯವಸ್ಥೆ, ಪೂರ್ತಿ ಹೋಗೋದು. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಹಾಗಾಯ್ತು. ಎರಡು ಎಂಜಿನ್‌ಗಳ ಬಲ ಏರಿಸಿ ಇಳಿಸಿಯೇ ವಿಮಾನ ತಿರುಗಿಸಿದರು. 296 ಜನರಲ್ಲಿ 184 ಮಂದಿ ಬದುಕಿದರು. ಆ ಸಿಬ್ಬಂದಿಯ ಬಗ್ಗೆ ನನಗೆ ಅಪಾರ ಗೌರವ. ಅದಕ್ಕೆ ಹೋಲಿಸಿದ್ರೆ ಫ್ಲಾಪ್ ತೊಂದರೆ ಸಿಮ್ಯುಲೇಟರ್ ಎಂಬ ತರಬೇತಿ ಯಂತ್ರದಲ್ಲಿ ಪೈಲಟ್‌ಗಳು ಅಭ್ಯಾಸ ಮಾಡಿಕೊಂಡೇ ಬಂದಿರುವ ಪಾಠ.